ನಾರಿನ ಯಂತ್ರದ ಬೇರಿಂಗು



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಿಸಿ, ಒಳಗಿನ ನೀರು ಇಂಗಿದ ಬಳಿಕ ಉಂಡೆಕೊಬ್ಬರಿಯಾಗಿ ತೆಗೆಯುವ ಪದ್ಧತಿ ಉಂಟೆಂಬುದನ್ನು ತಾವು ಬಲ್ಲಿರಿ. ಆ ಕೊಬ್ಬರಿಯ ಧಾರಣೆಯನ್ನು ಪಟ್ಟಣಿಗರು ವಿಚಾರಿಸುತ್ತಾರೆ. ಸುಲಿದೊಗೆದ ಮಟ್ಟೆಯ ಗತಿಯನ್ನು ವಿಚಾರಿಸುವವರು ವಿರಳ. ಆ ಮಟ್ಟೆಯಿಂದ ನಾರು, ನಾರಿನಿಂದ ಹಗ್ಗ, ಹಾಸಿಗೆ. ಇದಕ್ಕೆ ಬೇಕಾದ ಯಂತ್ರವು ಮಾತ್ರ ಅಗ್ಗವಾದುದಲ್ಲ.

ಈ ಯಂತ್ರದೊಳಗೆ ಕಬ್ಬಿಣದ ಬಡಿಗೆಗಳನ್ನು ಹೊತ್ತ ದಪ್ಪನಾದ ಶಾಫ್ಟು ವೇಗವಾಗಿ ತಿರುಗುತ್ತ, ನೆನೆದ ಮಟ್ಟೆಯನ್ನು ಬಡಿದು ನಾರನ್ನೂ ಪುಡಿಯನ್ನೂ ಬೇರ್ಪಡಿಸುತ್ತದೆ. ಶಾಫ್ಟಿನ ಎರಡು ತುದಿಗಳನ್ನೂ ಹೊರುವುದು ಬೇರಿಂಗು. ಎತ್ತಿನ ಗಾಡಿಯಲ್ಲಿ ಗಾಲಿಯ ಗುಂಬವು ಅಚ್ಚಿನ ಮೇಲೆ ಕೀಲೆಣ್ಣೆಯ ಬಲದಿಂದ ಜಾರುತ್ತದೆ. ಇಲ್ಲಿಯಾದರೋ ಉಕ್ಕಿನ ಗುಂಡುಗಳು ಅಥವಾ ಉರುಳೆಗಳು ಆ ಜಾರುವಿಕೆಯನ್ನು ಉರುಳುವಿಕೆಯಾಗಿ ಮಾರ್ಪಡಿಸುತ್ತವೆ.

ನೊಣವಿನಕೆರೆಯ ಕಡೆಯ ಅಲ್ಪ ಬಂಡವಾಳದವನೊಬ್ಬನು ಸಾಲಮಾಡಿ ಹಳೆಯ ಯಂತ್ರವೊಂದನ್ನು ಕೊಂಡು ಪುನಃ ಕಟ್ಟಿಸಹೊರಟನೆಂದು ಭಾವಿಸೋಣ. ಬೇರಿಂಗು ಮುರಿದು ಯಂತ್ರ ನಿಂತರೆ ನಾರು ಒಣಗಿಸುವ ಹೆಂಗಸರ ಕೂಲಿಯೂ ನಿಲ್ಲುತ್ತದೆ, ಸಾಲದ ಬಡ್ಡಿ ಮಾತ್ರ ನಿಲ್ಲದು. ಆದುದರಿಂದ ಅವನು ಮೊದಲು ಹೋಗಬೇಕಾದುದು ಅಂಗಡಿಗಲ್ಲ, ಕಳಚಿಟ್ಟ ಹಳೆಯ ಬೇರಿಂಗಿನ ಬಳಿಗೆ. ತುಕ್ಕು ಕಂಡರೆ ನೀರು ಹೊಕ್ಕಿದೆ. ಉರುಳೆಗಳ ಜಾಡು ಒರಟಾಗಿ ಮಂಕಾಗಿದ್ದರೆ ಧೂಳು ಅರೆದಿದೆ. ಜಾಡು ಓರೆಯಾಗಿ ಸವೆದಿದ್ದರೆ ಶಾಫ್ಟು ಬಗ್ಗಿದೆ, ಇಲ್ಲವೆ ಪೀಠಗಳು ಒಂದೇ ನೇರಕ್ಕಿಲ್ಲ. ಕಾರಣವನ್ನು ಉಳಿಸಿಕೊಂಡು ಹೊಸ ಬೇರಿಂಗನ್ನು ತೊಡಿಸುವುದು, ಸೋರುವ ಮಾಡಿನ ಕೆಳಗೆ ಹೊಸ ಚಾಪೆ ಹಾಸಿದಂತೆ.

ಇನ್ನು ಜಾತಿಯ ವಿಚಾರ. ಬಡಿತವನ್ನು ತಾಳಬೇಕಾದೆಡೆ ಗುಂಡಿನದಕ್ಕಿಂತ ಉರುಳೆಯದು ಮೇಲು. ಹಳ್ಳಿಯ ಬೆಸುಗೆಯ ಚೌಕಟ್ಟು ಅಷ್ಟಿಷ್ಟು ಓರೆಯಾದರೂ ತಾನೇ ಹೊಂದಿಕೊಳ್ಳುವ, ಪೀಪಾಯಿಯಾಕಾರದ ಎರಡು ಸಾಲು ಉರುಳೆಗಳ ಬೇರಿಂಗು ಇನ್ನೂ ಮೇಲು. ಅದರ ಮೇಲೆ ೨೨೨೧೬ ಎಂದು ಕೊರೆದಿದ್ದರೆ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿರಿ: ಒಳವ್ಯಾಸ ೮೦ ಮಿಲಿಮೀಟರು. ಈ ಅಳತೆಗಳು ಲೋಕಕ್ಕೆಲ್ಲ ಒಂದೇ ಆಗಿರುವುದು ಬಡವನ ಪಾಲಿಗೆ ದೊಡ್ಡ ಉಪಕಾರ. ೧೯೦೭ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಎಸ್.ಕೆ.ಎಫ್. ಕಂಪನಿಯ ಬೇರಿಂಗು ಇದ್ದ ತಾವಿನಲ್ಲಿ, ೧೯೪೬ರಲ್ಲಿ ಜಯಪುರದಲ್ಲಿ ಆರಂಭವಾದ ನ್ಯಾಷನಲ್ ಬೇರಿಂಗ್ ಕಂಪನಿಯ ಅದೇ ಅಂಕಿಯ ಬೇರಿಂಗು ಕೂರುತ್ತದೆ. ಹೆಸರಿಗಾಗಿ ಹೆಚ್ಚು ತೆರಬೇಕಾದ ನಿರ್ಬಂಧವಿಲ್ಲ. ಆದರೆ ಪ್ರಸಿದ್ಧ ಹೆಸರಿನ ಪೆಟ್ಟಿಗೆಯೇ ಅರ್ಧ ಬೆಲೆಗೆ ದೊರೆತರೆ ಸಂಶಯಪಡತಕ್ಕದ್ದು. ನಕಲಿಯ ಮಾರಾಟ ನಮ್ಮ ಪೇಟೆಗಳಲ್ಲಿ ಹೊಸದಲ್ಲ.

ಮಿತವ್ಯಯಕ್ಕೆ ಬೇರೆ ಎಡೆಗಳುಂಟು. ಮಟ್ಟೆಯನ್ನು ಮೆಲ್ಲನೆ ಒಯ್ಯುವ ಪಟ್ಟಿಯ ಉರುಳೆಗಳಿಗೆ ಸಾಮಾನ್ಯ ಗುಂಡಿನ ಬೇರಿಂಗು, ಕೆಲವೆಡೆ ಕಂಚಿನ ಬುಷ್ಷೂ ಸಾಕು. ಗುಜರಿಯಿಂದ ತಂದು ತೊಳೆದುದನ್ನು ಅಲ್ಲಿ ಬೇಕಾದರೆ ಪರೀಕ್ಷಿಸಿ ನೋಡಬಹುದು. ಬಡಿಯುವ ಶಾಫ್ಟಿಗೆ ಮಾತ್ರ ಅದು ಸಲ್ಲದು. ಭಾರವೂ ಆಯುಷ್ಯವೂ ಸಮಸಮವಾಗಿ ಏರಿಳಿಯುವುದಿಲ್ಲವೆಂಬುದನ್ನು ಬಹುಮಂದಿ ಅರಿಯರು. ಲೆಕ್ಕದ ಪ್ರಕಾರ ಉರುಳೆಯ ಬೇರಿಂಗಿನ ಮೇಲಿನ ಭಾರ ಇಮ್ಮಡಿಯಾದರೆ ಅದರ ಆಯುಷ್ಯ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಒಂದೆರಡು ಬಡಿಗೆ ಸವೆದು ತೂಕ ತಪ್ಪಿದ ಶಾಫ್ಟು ಅದುರುತ್ತ ತಿರುಗುವಾಗ ಇಂತಹ ಹೆಚ್ಚಿನ ಭಾರವೇ ಬೇರಿಂಗಿನ ಮೇಲೆ ಬೀಳುವುದು. ಹೀಗಾಗಿ ಶಾಫ್ಟನ್ನು ಸಮತೂಕಕ್ಕೆ ತರಲು ಕೊಟ್ಟ ಹಣವೂ, ಪುಡಿ ಒಳಹೋಗದಂತೆ ಒಳ್ಳೆಯ ಸೀಲಿಗೆ ಕೊಟ್ಟ ಹಣವೂ ಬೇರಿಂಗಿಗೇ ಕೊಟ್ಟಂತೆ.

ತೊಡಿಸುವಾಗ ಸುತ್ತಿಗೆಯ ಆತುರ ಬೇಡ. ಹೊರ ಉಂಗುರಕ್ಕೆ ಹೊಡೆದರೆ ಆ ಪೆಟ್ಟು ಉರುಳೆಗಳ ಮೂಲಕ ಸಾಗಿ ಜಾಡಿನಲ್ಲಿ ಗುಳಿಬೀಳಿಸುತ್ತದೆ. ಶುಚಿಯಾದ ಎಣ್ಣೆಯಲ್ಲಿ, ತಳಕ್ಕೆ ತಗಲದಂತೆ ತೂಗುಬಿಟ್ಟು, ಸುಮಾರು ೯೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಉಂಗುರವು ಹಿಗ್ಗಿ ಶಾಫ್ಟಿನ ಮೇಲೆ ಸಲೀಸಾಗಿ ಸರಿಯುತ್ತದೆ. ಒಂದು ತುದಿಯ ಬೇರಿಂಗನ್ನು ಭದ್ರವಾಗಿ ಹಿಡಿಸಿ, ಇನ್ನೊಂದಕ್ಕೆ ಪೀಠದೊಳಗೆ ತುಸು ಸರಿಯುವ ಎಡೆ ಬಿಡಬೇಕು. ಕೆಲಸದ ಕಾವಿಗೆ ಶಾಫ್ಟು ನೀಳವಾಗುವುದಷ್ಟೆ. ಗ್ರೀಸನ್ನು ಕಂಠಪೂರ್ತಿ ತುಂಬಿದರೆ ಅದೇ ಕಾವಿಗೆ ಕಾರಣವಾಗುತ್ತದೆ. ಪೀಠದ ಖಾಲಿ ಜಾಗದಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ಸಾಕು. ಮೊದಲ ದಿನ ಮಟ್ಟೆ ಹಾಕದೆ ಒಂದೆರಡು ಗಂಟೆ ಬರಿದೇ ಓಡಿಸಿ, ಆಗಾಗ ಪೀಠದ ಮೇಲೆ ಕೈಯಿಟ್ಟು ನೋಡತಕ್ಕದ್ದು.