ಪಕ್ಕದ ಬೆಂಚಿನವರಿಗೆ ಶಾಂತಿ

ನಮ್ಮೂರಿನ ಇಗರ್ಜಿಯಲ್ಲಿ ಭಾನುವಾರದ ಬಲಿಪೂಜೆಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಆ ಒಂದು ಗಂಟೆಯಲ್ಲಿ ಅರ್ಧ ನಿಮಿಷ ಮಾತ್ರ ನನಗೆ ಬಹಳ ಕಷ್ಟದ್ದು. ಅದು ಉಪದೇಶದ ಭಾಗವಿರಬೇಕೆಂದು ಕೇಳುಗರು ಊಹಿಸಬಹುದು. ಅಲ್ಲ; ಮೂವತ್ತು ವರ್ಷ ತರಗತಿಯಲ್ಲಿ ಪರರಿಗೆ ಉಪದೇಶ ಮಾಡಿ ಸಂಬಳ ಪಡೆದವನಿಗೆ ಅದನ್ನು ದೂರುವ ಹಕ್ಕಿಲ್ಲ. ನಾನು ಹೇಳುತ್ತಿರುವುದು ಶಾಂತಿ ಕೋರುವ ಗಳಿಗೆಯ ಮಾತು.

ಕ್ರೈಸ್ತರಲ್ಲದ ಕೇಳುಗರಿಗಾಗಿ ಎರಡು ಮಾತು ವಿವರಿಸಬೇಕು. ಕ್ರಿಸ್ತನು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಾಗಿ ಹೇಳಿ ಮುಗಿಸಿದ ಮೇಲೆ, ಪರಮಪ್ರಸಾದ ಸ್ವೀಕರಿಸುವುದಕ್ಕೆ ಮೊದಲು, ಗುರುಗಳು ಪರಸ್ಪರ ಶಾಂತಿ ಕೋರಿರೆಂದು ಕರೆಕೊಡುತ್ತಾರೆ. ಆಗ ನಾವು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ತಿರುಗಿ, ಅಲ್ಲಿ ಯಾರಿದ್ದರೆ ಅವರಿಗೆ ಶಾಂತಿಯಾಗಲೆಂದು ಹಾರೈಸಬೇಕು. ಪಾಶ್ಚಾತ್ಯರು ಕೈಕುಲುಕುತ್ತಾರೆ, ಕೆಲವರು ತಬ್ಬಿಕೊಳ್ಳುವುದೂ ಉಂಟು. ನಾವು ಕೈಮುಗಿಯುತ್ತೇವೆ. ಭಾರತದ ಧರ್ಮಾಧ್ಯಕ್ಷರು ಪೂಜೆಯ ಕ್ರಮದಲ್ಲಿ ಈ ದೇಶದ ಆಚಾರಗಳಿಗೂ ಎಡೆಯಿರಬೇಕೆಂದು ಕೇಳಿಕೊಂಡಾಗ, 1969ರಲ್ಲಿ ರೋಮು ಹನ್ನೆರಡು ಅಂಶಗಳಿಗೆ ಒಪ್ಪಿಗೆ ನೀಡಿತು. ಪಾದರಕ್ಷೆ ಕಳಚುವುದು, ನೆಲದ ಮೇಲೆ ಕುಳಿತುಕೊಳ್ಳುವುದು, ಆರತಿ ಎತ್ತುವುದು ಮೊದಲಾದವುಗಳ ಜೊತೆಗೆ ಈ ಅಂಜಲಿಯೂ ಅದರಲ್ಲಿ ಸೇರಿತ್ತು. ಮೂಗಿಗೆ ಮೂಗು ತಾಗುವಂತೆ ನಿಲ್ಲದೆ, ನಡುವೆ ಎರಡು ಮೊಳ ಗಾಳಿಯನ್ನು ಬಿಟ್ಟು ಗೌರವ ಸಲ್ಲಿಸುವ ಈ ಕ್ರಮ ನಮ್ಮ ಸ್ವಭಾವಕ್ಕೆ ಒಪ್ಪುವಂಥದು. ಆ ಎರಡು ಮೊಳದೊಳಗೆ ಬಚ್ಚಿಟ್ಟುಕೊಳ್ಳಲು ಸ್ಥಳವಿದೆಯೆಂಬುದೂ ನಿಜ.

ನನ್ನ ಬಾಲ್ಯದ ಮೊದಲ ಭಾಗ ಲ್ಯಾಟಿನ್ ಪೂಜೆಯ ಕೊನೆಯ ಕಾಲ. ಗುರುಗಳು ನಮಗೆ ಬೆನ್ನುಮಾಡಿ ನಿಂತು ಮೆಲುದನಿಯಲ್ಲಿ ಹೇಳುತ್ತಿದ್ದುದಕ್ಕೆ ಪೀಠದ ಬಳಿ ಮಂಡಿಯೂರಿದ ನಾವು ಹುಡುಗರು, ಕನ್ನಡ ಲಿಪಿಯಲ್ಲಿ ಬರೆದು ಬಾಯಿಪಾಠ ಮಾಡಿದ್ದ ಲ್ಯಾಟಿನ್ನನ್ನು ಅರ್ಥದ ಗೊಡವೆಯಿಲ್ಲದೆ ಒಪ್ಪಿಸುತ್ತಿದ್ದೆವು. ಆಗ ಶಾಂತಿಯ ವಿನಿಮಯವೇನಿದ್ದರೂ ದೊಡ್ಡ ಹಬ್ಬದ ಪೂಜೆಯಲ್ಲಿ ಪೀಠದ ಬಳಿಯ ಗುರುಗಳ ನಡುವೆ ಮುಗಿದುಹೋಗುತ್ತಿತ್ತು. ಬೆಂಚಿನ ಮೇಲಿನ ಜನ ತಮ್ಮ ಜಗಳಗಳನ್ನು ಯಾವ ತೊಂದರೆಯೂ ಇಲ್ಲದೆ ಮನೆಗೆ ಹಿಂದಕ್ಕೆ ಒಯ್ಯಬಹುದಾಗಿತ್ತು.

ಹಾಗೆಂದು ಇದು ಹೊಸ ಪದ್ಧತಿಯಲ್ಲ. ಎರಡನೆಯ ಶತಮಾನದ ಸಂತ ಜಸ್ಟಿನನೇ ಆದಿಕ್ರೈಸ್ತರು ಪ್ರಾರ್ಥನೆಯ ಬಳಿಕ ಮುತ್ತಿಟ್ಟು ಪರಸ್ಪರ ವಂದಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮಧ್ಯಯುಗದ ಯುರೋಪಿನಲ್ಲಿ ಒಬ್ಬರನ್ನೊಬ್ಬರು ಮುಟ್ಟುವ ಬದಲು, ಚಿತ್ರ ಕೊರೆದ ಒಂದು ಹಲಗೆಗೆ ಸರದಿಯ ಪ್ರಕಾರ ಎಲ್ಲರೂ ಮುತ್ತಿಡುವ ರೂಢಿ ಬಂತು. ಆಮೇಲೆ ಆ ಹಲಗೆಗೆ ಮೊದಲು ಮುತ್ತಿಡುವ ಮರ್ಯಾದೆ ಯಾರದೆಂಬ ಬಗ್ಗೆಯೇ ಇಗರ್ಜಿಗಳಲ್ಲಿ ವ್ಯಾಜ್ಯಗಳೆದ್ದವು! ಮನುಷ್ಯ ಎಲ್ಲಿಯೂ ಒಂದೇ.

ಉದ್ಯೋಗದ ನಿಮಿತ್ತ ನಾನು ಮೂವತ್ತು ವರ್ಷ ಮೈಸೂರಿನಲ್ಲಿದ್ದೆ. ಅಲ್ಲಿ ಪೂಜೆ ಕನ್ನಡದಲ್ಲಿ. ನಾನು ಪಾಠ ಹೇಳುತ್ತಿದ್ದ ಭಾಷೆಯಲ್ಲಿಯೇ ಪ್ರಾರ್ಥಿಸುವ ಸುಖ ಸಣ್ಣದಲ್ಲ. ಬೆಂಚಿನಲ್ಲಿ ಪಕ್ಕದವರು ಯಾರೋ ಬ್ಯಾಂಕಿನವರು, ಯಾರೋ ರೈಲ್ವೆಯವರು. ಕೈಮುಗಿದು ಮುಗುಳ್ನಕ್ಕು ಶಾಂತಿ ಹಾರೈಸುತ್ತಿದ್ದೆ. ಹೆಸರರಿಯದವರಿಗೆ ಶಾಂತಿ ಕೋರುವುದು ಎಷ್ಟು ಸುಲಭವೆಂದು ನನಗೆ ಗೊತ್ತಾದದ್ದು ನಿವೃತ್ತನಾಗಿ ದಕ್ಷಿಣ ಕನ್ನಡದ ನನ್ನ ಹಳ್ಳಿಗೆ ಮರಳಿದ ಮೇಲೆ.

ಊರಿಗೆ ಬಂದವನೇ ಮಾಡಿದ ಮೊದಲ ಕೆಲಸ ಪಿತ್ರಾರ್ಜಿತ ಗದ್ದೆಯನ್ನು ಅಳೆಯಿಸಿದ್ದು. ನನ್ನ ದೊಡ್ಡಪ್ಪನ ಮಗನ ಗದ್ದೆಗೂ ನನ್ನದಕ್ಕೂ ನಡುವಿನ ಬದು, ನಮ್ಮ ಕಡೆಯ ಮಾತಿನಲ್ಲಿ ಹುಣಿ, ಕಾಲಕ್ರಮದಲ್ಲಿ ನನ್ನ ಕಡೆಗೆ ನಡೆದುಬಂದಿತ್ತು. ಒಟ್ಟು ಮೂರು ಸೆಂಟ್ಸು. ಮೂವತ್ತು ವರ್ಷ ಆ ಗದ್ದೆಗೆ ಕಾಲಿಡದಿದ್ದ ನಾನು ಆ ಮೂರು ಸೆಂಟ್ಸಿಗಾಗಿ ರಾತ್ರಿ ನಿದ್ದೆ ಬಿಟ್ಟೆ. ಅಣ್ಣನು, ನನಗಿಂತ ಆರು ವರ್ಷ ಹಿರಿಯನಾದ ಅವನನ್ನು ನಾನು ಹಾಗೆಯೇ ಕರೆಯುವುದು, “ಉತ್ತವನಿಗೆ ತಿಳಿಯದ ಗಡಿ ಓದಿದವನಿಗೆ ತಿಳಿಯಿತೋ?” ಎಂದನು. ವಾಳೆಯ ಗುರ್ಕಾರರು ಬಂದು ಮಾತನಾಡಿದರು. ಇಗರ್ಜಿಯ ವ್ಯಾಪ್ತಿಯ ಮನೆಗಳನ್ನು ವಾಳೆಗಳಾಗಿ ವಿಂಗಡಿಸಿ ಒಂದೊಂದಕ್ಕೆ ಒಬ್ಬ ಗುರ್ಕಾರನಿರುವುದು ನಮ್ಮಲ್ಲಿ ಹಳೆಯ ವ್ಯವಸ್ಥೆ. ಹಿಂದೆ ಇಂಥ ತಕರಾರುಗಳು ಅವರ ಜಗಲಿಯಲ್ಲಿಯೇ ಬಗೆಹರಿಯುತ್ತಿದ್ದುವಂತೆ. ನಮ್ಮದು ಬಗೆಹರಿಯಲಿಲ್ಲ; ಕೋರ್ಟಿಗೆ ಹೋಯಿತು.

ಅಣ್ಣನ ಮನೆಯವರು ಎಂಟೂವರೆಯ ಪೂಜೆಗೆ ಬರುವವರು. ನಾನು ಆರೂವರೆಯ ಪೂಜೆಗೆ ಹೋಗತೊಡಗಿದೆ. ಬೆಳಗಿನ ಹೊತ್ತು ಮನಸ್ಸು ಪ್ರಶಾಂತವಾಗಿರುತ್ತದೆಂದು ಹೆಂಡತಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ರಾಜಿಯಾಗಿ ಬಾ ಎಂಬ ಕ್ರಿಸ್ತನ ಬೋಧೆ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿದೆ. ಆ ಭಾಗ ಓದುವ ದಿನ ನಾನು ಕಿಟಕಿಯ ಬಣ್ಣದ ಗಾಜನ್ನು ನೋಡುತ್ತಿದ್ದೆ.

ಇಂಥ ಸಂಕಟದಲ್ಲಿ ಸಂತರ ಮೊರೆಹೋಗುವುದು ನಮ್ಮ ವಾಡಿಕೆ. ನನ್ನ ತಾಯಿಗೆ ಸಂತ ಅಂತೋನಿಯೊಡನೆ ನೆರೆಮನೆಯವರೊಡನೆ ಇರುವಷ್ಟೇ ಸಲಿಗೆಯಿತ್ತು. ಕಳೆದ ಬೀಗದ ಕೈ ಸಿಗದಿದ್ದರೆ ಅವನ ಚಿತ್ರವನ್ನು ಗೋಡೆಯ ಕಡೆಗೆ ತಿರುಗಿಸಿಡುತ್ತಿದ್ದಳು. ಪುಸ್ತಕದ ಹುಳುವಾದ ನಾನು ಹಿಡಿದದ್ದು ಸಂತ ಜೆರೋಮನನ್ನು. ಬೈಬಲನ್ನು ಲ್ಯಾಟಿನ್ನಿಗೆ ತಂದ ಈ ಮಹಾಪಂಡಿತ 420ರಲ್ಲಿ ಬೆತ್ಲೆಹೇಮಿನಲ್ಲಿ ತೀರಿಕೊಂಡನು. ಭಾಷಾಂತರಕಾರರಿಗೆಲ್ಲ ಪಾಲಕ ಸಂತ, ಮಹಾಮುಂಗೋಪಿ. ಎಳವೆಯ ಗೆಳೆಯ ರುಫಿನಸನೊಡನೆ ಒಂದು ತತ್ತ್ವವಿಚಾರದಲ್ಲಿ ಮುರಿದುಕೊಂಡ ಮೇಲೆ, ಆತ ಸತ್ತ ನಂತರವೂ ಅವನನ್ನು ಬಯ್ಯುವುದನ್ನು ಬಿಡಲಿಲ್ಲ. ಚಿತ್ರಕಾರರು ಜೆರೋಮನ ಕೈಗೆ ಒಂದು ಕಲ್ಲನ್ನು ಕೊಟ್ಟು, ಅವನು ತನ್ನೆದೆಯನ್ನೇ ಕುಟ್ಟಿಕೊಳ್ಳುವಂತೆ ಬರೆಯುತ್ತಾರೆ. ಆ ಕಲ್ಲಿಲ್ಲದಿದ್ದರೆ ಇವನು ಸಂತನಾಗುತ್ತಿರಲಿಲ್ಲವೆಂದು ಒಬ್ಬ ಪೋಪರು ಹೇಳಿದರೆಂಬ ಕಥೆಯುಂಟು.

ಈ ಜೆರೋಮನಿಗೂ ಸಂತ ಅಗಸ್ಟೀನನಿಗೂ ಕಾಗದಗಳ ಮೂಲಕ ನಡೆದ ವಾದವೊಂದನ್ನು ನಾನು ಆ ದಿನಗಳಲ್ಲಿ ಮತ್ತೆ ಓದಿದೆ. ವಾದದ ವಿಷಯವೇ ಒಂದು ಜಗಳ. ಅಂತಿಯೋಕ್ಯದಲ್ಲಿ ಸಂತ ಪೇತ್ರನು ಅನ್ಯಜನಾಂಗದ ಕ್ರೈಸ್ತರೊಡನೆ ಕೂತು ಉಣ್ಣುತ್ತಿದ್ದವನು, ಯೆರೂಸಲೇಮಿನಿಂದ ಕೆಲವರು ಬಂದಾಗ ಅಂಜಿ ಪಂಕ್ತಿಯಿಂದ ಹಿಂದೆ ಸರಿದನು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಂಕ್ತಿಭೇದ. ಸಂತ ಪೌಲನು ಅವನನ್ನು ಎಲ್ಲರೆದುರಿಗೆ ಆಕ್ಷೇಪಿಸಿದನು. ಗಲಾತ್ಯರಿಗೆ ಬರೆದ ಪತ್ರದಲ್ಲಿ ಪೌಲನೇ ಇದನ್ನು ಹೇಳಿಕೊಂಡಿದ್ದಾನೆ. ಜೆರೋಮನಿಗೆ ಇದು ನುಂಗಲಾರದ ತುತ್ತಾಯಿತು. ಇಬ್ಬರು ಪ್ರೇಷಿತರು ಹೀಗೆ ಕಾದಾಡಿರಲಾರರು. ಜನರಿಗೆ ಪಾಠವಾಗಲೆಂದು ಅವರಿಬ್ಬರೂ ಕೂಡಿ ಆಡಿದ ನಾಟಕವದು ಎಂದು ಆತ ವ್ಯಾಖ್ಯಾನಿಸಿದನು. ಅಗಸ್ಟೀನನು ಒಪ್ಪಲಿಲ್ಲ. ಜಗಳ ನಿಜವಾದುದೇ; ಪೇತ್ರನು ತಪ್ಪಿದ್ದೂ ನಿಜ; ತನಗಿಂತ ಹಿಂದಿನಿಂದ ಬಂದವನ ತಿದ್ದುಪಡಿಯನ್ನು ಸಹಿಸಿಕೊಂಡ ಪೇತ್ರನ ವಿನಯವೇ ಅಲ್ಲಿಯ ದೊಡ್ಡ ಸಂಗತಿ ಎಂದನು. ಮಹಾವ್ಯಾಖ್ಯಾನಕಾರನೊಡನೆ ಭಿನ್ನಾಭಿಪ್ರಾಯವೆಂದು ಹೆದರಿಕೆಯಾದರೂ ನಾನು ಅಗಸ್ಟೀನನ ಪಕ್ಷ. ಪೇತ್ರ ಪೌಲರಿಬ್ಬರಿಗೂ ಸೇರಿ ಜೂನ್ 29ರಂದು ಒಂದೇ ಹಬ್ಬ. ಜಗಳವೇ ಇರದಿದ್ದರೆ ಆ ಒಟ್ಟು ಹಬ್ಬದಲ್ಲಿ ಸ್ವಾರಸ್ಯವೇನು? ಮೊದಲು ಇದನ್ನು ಓದಿದಾಗ, ಕಿರಿಯನ ಮಾತಿಗೆ ತಲೆಬಾಗುವ ಈ ವಿನಯ ಅಣ್ಣನಿಗೆ ಇರಬಾರದಿತ್ತೇ ಎಂದು ನನಗನಿಸಿತು. ಓದಿದ್ದನ್ನು ಹೀಗೆ ಪಕ್ಕದ ಮನೆಗೆ ದಾಟಿಸುವ ವಿದ್ಯೆಯಲ್ಲಿ ಪ್ರಾಧ್ಯಾಪಕರು ನಿಪುಣರು.

ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ. ನಮ್ಮ ಕರಾವಳಿಯಲ್ಲಿ ಅದು ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೂ ಹಂಚುತ್ತಾರೆ. ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯವರೆಲ್ಲ ಪ್ರಾರ್ಥಿಸಿ ಕುಡಿದ ಬಳಿಕ ಬಾಳೆಯೆಲೆಯಲ್ಲಿ ಹೊಸ ಅಕ್ಕಿಯ ಊಟ. ಅಂದು ಮೀನು ಮಾಂಸ ನಿಷಿದ್ಧ. ಪಲ್ಯಗಳ ಲೆಕ್ಕ ಬೆಸಸಂಖ್ಯೆಯಲ್ಲಿ. ದೂರದೇಶದಲ್ಲಿರುವ ಮಕ್ಕಳಿಗೆ ಕಾಳನ್ನು ಲಕೋಟೆಯಲ್ಲಿ ಕಳಿಸುವವರಿದ್ದಾರೆ. ಮೈಸೂರಿಗೆ ನನಗೆ ಹಾಗೆ ಪ್ರತಿವರ್ಷ ಕಾಳು ಕಳಿಸುತ್ತಿದ್ದುದು, ತಾಯಿ ಹೋದ ಮೇಲೆ, ಅಣ್ಣನೇ.

ಮೂರು ವರ್ಷದ ಹಿಂದೆ ಹಬ್ಬದ ತೆನೆಗೆ ಊರಿನಲ್ಲಿ ಬೇಗ ಮಾಗಿದ್ದು ಅಣ್ಣನ ಗದ್ದೆ. ಅದರಲ್ಲಿಯೂ ಹುಣಿಯ ಬದಿಯದು, ಎಂದರೆ ನಮ್ಮ ವ್ಯಾಜ್ಯದ ಆ ಮೂರು ಸೆಂಟ್ಸಿನದು. ಇಗರ್ಜಿಯ ಬಾಗಿಲಲ್ಲಿ ತೆನೆಯನ್ನು ಕೈಗಿತ್ತ ಗುರ್ಕಾರರು ಅದನ್ನು ಬೇಕೆಂದೇ ನನಗೆ ತಿಳಿಸಿದರೋ, ಮಾತಿನ ಸಹಜಕ್ಕೆ ತಿಳಿಸಿದರೋ! ಮನೆಯ ಹಿರಿಯನಾಗಿ ಕಾಳು ಸುಲಿಯಬೇಕಾದವನು ನಾನು. ಎಳೆಯ ಕಾಳು, ಉಗುರು ತಾಗಿದರೆ ಹಾಲು ಬರುತ್ತಿತ್ತು. ಅದು ನನ್ನ ನೆಲದ್ದೋ ಅವನ ದುಡಿಮೆಯದ್ದೋ ಎಂಬ ಪ್ರಶ್ನೆ ಕಾಳನ್ನು ನೋಡಿದರೆ ತೀರ್ಮಾನವಾಗುವಂತಿರಲಿಲ್ಲ. ಬಟ್ಟಲನ್ನು ಮುಂದಿಟ್ಟುಕೊಂಡು ಸುಮ್ಮನೆ ಕುಳಿತಿದ್ದಾಗ ಹೆಂಡತಿ, “ಹಾಲು ಆರುತ್ತದೆ” ಎಂದಳು. ಕುಡಿದೆ.

ಕುಡಿದೊಡನೆ ಮನಸ್ಸು ತಿಳಿಯಾಯಿತೆಂದು ಹೇಳಿದರೆ ಸುಳ್ಳಾದೀತು. ಮತ್ತೆ ಹತ್ತು ತಿಂಗಳು ಆರೂವರೆಯ ಪೂಜೆಯೇ ನಡೆಯಿತು. ಆಟಿಯ ಒಂದು ಭಾನುವಾರ ರಾತ್ರಿಯಿಡೀ ಸುರಿದ ಮಳೆಗೆ ತೋಡಿನ ಸಂಕ ಮುಳುಗಿ, ನೀರು ಇಳಿಯುವವರೆಗೆ ಕಾದು ಹೊರಟವನು ಎಂಟೂವರೆಯ ಪೂಜೆಗೆ, ಅದೂ ತಡವಾಗಿ ತಲುಪಿದೆ. ಹಿಂದಿನ ಬೆಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗವಿತ್ತು. ಕೂತು ತಲೆಯೆತ್ತಿದರೆ ಪಕ್ಕದಲ್ಲಿ ಅಣ್ಣ. ಎದ್ದುಹೋಗುವಂತಿರಲಿಲ್ಲ, ಎರಡೂ ಕಡೆ ಮಂಡಿಯೂರಿದ ಜನ.

ಆ ಗಳಿಗೆ ಬಂತು. ನಾನು ಮೊದಲು ಎಡಗಡೆಯ ಹುಡುಗನಿಗೆ ಕೈಮುಗಿದೆ. ಆಮೇಲೆ ಹಿಂದೆ ನಿಂತಿದ್ದವರಿಗೆ. ಆಮೇಲೆ ಬೇರೆ ದಿಕ್ಕು ಉಳಿಯಲಿಲ್ಲ. ತಿರುಗಿದೆ. ಅಣ್ಣ ಕೈಮುಗಿದೇ ನಿಂತಿದ್ದನು, ಎಷ್ಟು ಹೊತ್ತಿನಿಂದಲೋ. ಅಡಕೆ ಸುಲಿದು ಕಪ್ಪಾದ ಬೆರಳುಗಳು. ನನ್ನ ಬಾಯಿಂದ ಶಾಂತಿಯ ಶಬ್ದ ಹೊರಟಿತೋ ಇಲ್ಲವೋ ನೆನಪಿಲ್ಲ. ಅವನು ಪೂಜಾವಿಧಿಯ ಮಾತನ್ನು ಬಿಟ್ಟು, ಮೆಲ್ಲನೆ, “ಬೆನ್ನೆಲ್ಲ ನೆನೆದಿದೆಯಲ್ಲೋ, ಮೊದಲು ತಲೆ ಒರೆಸಿಕೋ” ಎಂದು ಹೆಗಲ ಮೇಲಿನ ಬೈರಾಸನ್ನು ಚಾಚಿದನು.

ಕೇಳುಗ ಮಿತ್ರರೇ, ದಾವೆ ಇನ್ನೂ ಮುಗಿದಿಲ್ಲ. ಇಬ್ಬರ ವಕೀಲರೂ ಉತ್ಸಾಹಿಗಳು. ವಾಯಿದೆಯ ದಿನ ಅಣ್ಣನೂ ನಾನೂ ಈಗ ಒಂದೇ ಬಸ್ಸಿನಲ್ಲಿ ಪೇಟೆಗೆ ಹೋಗುತ್ತೇವೆ. ಟಿಕೆಟಿನ ಹಣ ಯಾರು ಕೊಡಬೇಕೆಂಬುದರ ಬಗ್ಗೆ ಪ್ರತಿಸಲವೂ ತಕರಾರಾಗುತ್ತದೆ. ಕಂಡಕ್ಟರು ಹಿರಿಯರ ಕೈಯಿಂದಲೇ ತೆಗೆದುಕೊಳ್ಳುತ್ತಾನೆ.