ಗೋಲ್ಡನ್ ಬೂಟ್ ಯಾರ ಕಾಲಿಗೆ?

ಮೊನ್ನೆ ಹರಿಹರದ ಕಡೆ ಕಡರನಾಯಕನಹಳ್ಳಿಗೆ ಹೋಗಿದ್ದೆ. ಸಂಜೆ ಹೊತ್ತು, ಹುಡುಗರು ಬಯಲಲ್ಲಿ ಚೆಂಡು ಒದೀತಾ ಇದ್ರು. ದಾವಣಗೆರೆ ಅಂದ್ರೆ ನಮಗೆಲ್ಲ ನೆನಪಾಗೋದು ವೇಗದ ಬೌಲರ್ ವಿನಯ್ ಕುಮಾರ್. ಇಲ್ಲಿ ನೋಡಿದ್ರೆ ಫುಟ್‌ಬಾಲ್! ಕ್ಯಾಮೆರಾ ಕಂಡು ಓಡಿಬಂದ ಒಬ್ಬ ಹುಡುಗ ಕೇಳಿದ: "ಸರ್, ಐಪಿಎಲ್‌ನಾಗೆ ಆರೆಂಜ್ ಕ್ಯಾಪ್ ಐತಲ್ಲ, ಗೋಲ್ ಹೊಡಿಯೋರಿಗೂ ಹಂಗೆ ಏನಾರ ಕೊಡ್ತಾರಾ?"

ಕೊಡ್ತಾರಪ್ಪ, ಗೋಲ್ಡನ್ ಬೂಟ್ ಅಂತ ಇದೆ ಅಂದೆ. "ನಮ್ಮೋರಿಗೆ ಸಿಕ್ಕೈತಾ?" ಅಂದ.

ಆರೆಂಜ್ ಕ್ಯಾಪ್ ನಮ್ಮವರಿಗೆ ಸಿಕ್ಕಿದೆ. 2014ರಲ್ಲಿ ರಾಬಿನ್ ಉತ್ತಪ್ಪ, 2020ರಲ್ಲಿ ಕೆ.ಎಲ್. ರಾಹುಲ್. ಆದರೆ ಇಂಡಿಯನ್ ಸೂಪರ್ ಲೀಗ್? 2014ರಿಂದ 2025ರ ತನಕ 11 ಸೀಸನ್ ಮುಗಿದವು. ಗೋಲ್ಡನ್ ಬೂಟ್ ಒಬ್ಬನೇ ಒಬ್ಬ ಭಾರತೀಯನಿಗೆ ಬಂದಿಲ್ಲ. ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ 2017-18ರಲ್ಲಿ 14 ಗೋಲು ಹೊಡೆದರು. ಬೂಟ್ ಹೋಗಿದ್ದು 18 ಗೋಲು ಹೊಡೆದ ಸ್ಪೇನಿನ ಕೊರೊಗೆ. 2024-25ರಲ್ಲಿ ಮತ್ತೆ 14. ಈ ಸಲ ಮೊರೊಕ್ಕೊದ ಅಜಾರೈ 23 ಹೊಡೆದು ಒಯ್ದರು. ಐಎಸ್‌ಎಲ್ ಬರೋಕೆ ಮುಂಚೆ, 2013-14ರ ಐ-ಲೀಗ್‌ನಲ್ಲಿ, ಇದೇ ಚೆಟ್ರಿ 14 ಗೋಲುಗಳೊಂದಿಗೆ ಜಂಟಿ ಅಗ್ರಸ್ಥಾನದಲ್ಲಿದ್ದರು. ಬೆಂಗಳೂರು ಮೊದಲ ಪ್ರಯತ್ನದಲ್ಲೇ ಕಪ್ ಗೆದ್ದ ವರ್ಷ ಅದು.

ಯಾಕೆ ಹೀಗೆ? ಕ್ಲಬ್ಬಿನವರಿಗೆ ವಿದೇಶಿ ಆಟಗಾರರ ಕೋಟಾ ಇದೆ, ಈಗ ಮೈದಾನದಲ್ಲಿ ಒಟ್ಟಿಗೆ ನಾಲ್ವರು. ಆ ಜಾಗವನ್ನ ಯಾರಿಗೆ ಕೊಡ್ತಾರೆ? ಗೋಲ್ ಹೊಡೆಯೋನಿಗೆ. ತಪ್ಪು ಅಂತ ಹೇಗೆ ಹೇಳೋಣ, ಪಂದ್ಯ ಸೋತರೆ ಕೆಲಸ ಹೋಗೋದು ಕೋಚಿಂದು. ಆದರೆ ನಮ್ಮ ಹುಡುಗ ರೆಕ್ಕೆಯಲ್ಲಿ ಓಡ್ತಾನೆ, ಚೆಂಡು ಪಾಸ್ ಮಾಡ್ತಾನೆ, ನಡುವೆ ನಿಂತು ಹೊಡೆಯೋ ಅಭ್ಯಾಸವೇ ಆಗಲ್ಲ. ಪರಿಣಾಮ? 2024ರ ಜೂನ್‌ನಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿದ್ದ ಚೆಟ್ರಿಯನ್ನ ಮರುವರ್ಷ ಮಾರ್ಚ್‌ನಲ್ಲಿ ವಾಪಸ್ ಕರೆದರು. ವಯಸ್ಸು ಆಗ 40! ಮಾಲ್ಡೀವ್ಸ್ ವಿರುದ್ಧ ಗೋಲನ್ನೂ ಹೊಡೆದರು ಅನ್ನಿ.

ಇಟಲಿಯನ್ನ ನೋಡಿ. ಅಲ್ಲಿ ಲೀಗಿನ ಅತಿ ಹೆಚ್ಚು ಗೋಲಿನ ಸರದಾರನಿಗೆ 'ಕಾಪೊಕನ್ನೊನಿಯೆರೆ' ಅಂತಾರೆ, ಫಿರಂಗಿಯವರ ಯಜಮಾನ ಅಂದ ಹಾಗೆ. ಚೀರೊ ಇಮ್ಮೊಬಿಲೆ ಎಂಬ ಇಟಲಿಯವನೇ ನಾಲ್ಕು ಸಲ ಅದನ್ನ ಪಡೆದ, 2019-20ರಲ್ಲಂತೂ 36 ಗೋಲು. ಆದರೆ ಅವನು ಅಗ್ರಸ್ಥಾನದಲ್ಲಿದ್ದ 2017-18ರಲ್ಲೂ 2021-22ರಲ್ಲೂ ಇಟಲಿ ವಿಶ್ವಕಪ್‌ಗೇ ಹೋಗಲಿಲ್ಲ. ಒಮ್ಮೆ ಸ್ವೀಡನ್, ಇನ್ನೊಮ್ಮೆ ಉತ್ತರ ಮ್ಯಾಸಿಡೋನಿಯ ಹೊರಗಟ್ಟಿದವು. ಈಗ ಆ ಪ್ರಶಸ್ತಿಗೆ ಪಾವೊಲೊ ರೊಸ್ಸಿ ಹೆಸರಿಟ್ಟಿದ್ದಾರೆ. ನಿಷೇಧ ಮುಗಿಸಿ ಬಂದ ರೊಸ್ಸಿ 1982ರ ಲೀಗಿನಲ್ಲಿ ಹೊಡೆದಿದ್ದು ಒಂದೇ ಗೋಲು. ಅದೇ ವರ್ಷ ವಿಶ್ವಕಪ್‌ನಲ್ಲಿ ಆರು ಹೊಡೆದು ಕಪ್ಪನ್ನೇ ಮನೆಗೆ ತಂದ. ಲೆಕ್ಕದ ಬೂಟಿಗೂ ದೇಶದ ಗೆಲುವಿಗೂ ನೇರ ಸಂಬಂಧ ಇಲ್ಲ, ಒಪ್ಪೋಣ.

ಆದರೆ ಇಟಲಿಗೆ ಸೋಲೋಕಾದ್ರೂ ಒಬ್ಬ ಇಮ್ಮೊಬಿಲೆ ಇದ್ದ. ನಮಗೆ ಯಾರಿದ್ದಾರೆ? 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ 3-2ರಿಂದ ಮೇಘಾಲಯವನ್ನ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಾಗ ಮೂರು ಗೋಲುಗಳನ್ನ ಮೂವರು ಹೊಡೆದರು. ಆ ಮೂವರ ಹೆಸರು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ನಮ್ಮ ಚಾನೆಲ್ಲುಗಳೂ ಅವತ್ತು ಎಷ್ಟು ನಿಮಿಷ ಕೊಟ್ಟೆವು, ಅದನ್ನೂ ಕೇಳಿ.

ಫೆಡರೇಶನ್‌ಗೆ ನನ್ನ ಪ್ರಶ್ನೆ ಇಷ್ಟೇ. ವಿದೇಶಿಯರು ಬರಲಿ, ಬೇಡ ಅನ್ನಲ್ಲ. ಪ್ರತಿ ಕ್ಲಬ್ಬೂ ಸೀಸನ್‌ನಲ್ಲಿ ಇಷ್ಟು ನಿಮಿಷ ಭಾರತೀಯ ಸ್ಟ್ರೈಕರ್‌ನನ್ನ ಆಡಿಸಲೇಬೇಕು ಅಂತ ಒಂದು ನಿಯಮ ಬರೆಯೋಕೆ ಏನು ತೊಂದರೆ? ಕಡರನಾಯಕನಹಳ್ಳಿಯ ಆ ಹುಡುಗ ಹೊರಡುವಾಗ ಹೇಳಿದ, ಅವನು ಆಡೋದು ಸೆಂಟರ್ ಫಾರ್ವರ್ಡ್ ಅಂತೆ.