ಓದಲು ಕೊಟ್ಟರೆ ಸಾಲದು



ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂದದ್ದು 1969ರಲ್ಲಿ. ಮುಂದೆ ಅದು 14 ಸಂಪುಟಗಳಿಗೆ ಬೆಳೆಯಿತು. ಸಸ್ಯಶಾಸ್ತ್ರದಿಂದ ಸಂಗೀತದವರೆಗೆ ಯಾವ ವಿಷಯವನ್ನಾದರೂ ಕನ್ನಡದಲ್ಲಿ ಅಧಿಕಾರಯುತವಾಗಿ ಬರೆಯಬಹುದೆಂದು ನೂರಾರು ವಿದ್ವಾಂಸರು ಅದರಲ್ಲಿ ಬರೆದೇ ತೋರಿಸಿದರು. ಆದರೆ ಆ ದಪ್ಪ ಸಂಪುಟಗಳು ಬಹುಮಟ್ಟಿಗೆ ಗ್ರಂಥಾಲಯಗಳ ಪರಾಮರ್ಶನ ವಿಭಾಗದಲ್ಲೇ ಉಳಿದವು. ಅಲ್ಲಿಯೇ ಕುಳಿತು ಓದಬೇಕು, ಬೇಕಾದ್ದನ್ನು ಕೈಯಲ್ಲಿ ಬರೆದುಕೊಳ್ಳಬೇಕು, ಬಾಗಿಲು ಹಾಕುವ ಹೊತ್ತಿಗೆ ಎದ್ದು ಬರಬೇಕು.

2014ರಲ್ಲಿ ವಿಶ್ವವಿದ್ಯಾನಿಲಯ ಈ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಆಕರವನ್ನು ಹೇಳಿ ಬಳಸಿರಿ, ತಿದ್ದಿ ಬೆಳೆಸಿದರೆ ಅದನ್ನೂ ಇದೇ ಷರತ್ತಿನಲ್ಲಿ ಹಂಚಿರಿ ಎಂಬುದು ಅದರ ಸಾರ. ವಿಕಿಪೀಡಿಯದ ಪರವಾನಗಿಯೂ ಇದೇ ಬಗೆಯದು. ಹೀಗಾಗಿ ವಿಶ್ವಕೋಶದ ಬರಹಗಳು ಕನ್ನಡ ವಿಕಿಸೋರ್ಸ್‌ಗೆ ಬಂದವು, ಅಲ್ಲಿಂದ ವಿಕಿಪೀಡಿಯದ ಲೇಖನಗಳಿಗೂ ಹರಿದವು. ಕನ್ನಡದ ವಿದ್ವತ್ ಸಂಸ್ಥೆಯೊಂದು ಈ ಕಾಲದಲ್ಲಿ ಮಾಡಿದ ಅತ್ಯಂತ ಉದಾರವಾದ ಕೆಲಸಗಳಲ್ಲಿ ಇದೊಂದು. ಇದನ್ನು ನಾವು ಸಾಕಷ್ಟು ಮೆಚ್ಚಿಲ್ಲ, ಅನುಸರಿಸಿದ್ದಂತೂ ಇನ್ನೂ ಕಡಿಮೆ.

ತಿದ್ದುವ ಹಕ್ಕು ಏಕೆ ಬೇಕು? ಎಪ್ಪತ್ತರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ಇದ್ದುದು 19 ಜಿಲ್ಲೆಗಳು, ಇಂದು 31. ಅಂದಿನ ಸಂಪುಟದಲ್ಲಿ ಊರಿನ ಇತಿಹಾಸ, ಶಾಸನ, ದೇವಾಲಯಗಳ ವಿವರ ಇಂದಿಗೂ ಬೆಲೆಯುಳ್ಳದ್ದೇ. ಜನಸಂಖ್ಯೆ, ತಾಲ್ಲೂಕು, ರೈಲುಮಾರ್ಗಗಳ ಮಾತು ಮಾತ್ರ ಹಳೆಯದಾಗಿದೆ. ಅಚ್ಚಾದ ಸಂಪುಟವನ್ನು ಪರಿಷ್ಕರಿಸಲು ಸಂಪಾದಕ ಮಂಡಳಿ, ಅನುದಾನ, ವರ್ಷಗಳ ಕಾಲ ಎಲ್ಲವೂ ಕೂಡಿಬರಬೇಕು. ಪರವಾನಗಿ ದೊರೆತ ಲೇಖನವನ್ನಾದರೆ ಹಾವೇರಿಯ ಒಬ್ಬ ಅಧ್ಯಾಪಕಿ ಇವತ್ತು ಸಂಜೆಯೇ ಸರಿಪಡಿಸಬಹುದು. ಮೂಲ ಲೇಖಕರ ಶ್ರಮ ಉಳಿಯುತ್ತದೆ, ತಿದ್ದಿದವರು ಯಾರು, ಏನು ತಿದ್ದಿದರು ಎಂಬುದು ಪುಟದ ಇತಿಹಾಸದಲ್ಲಿ ದಾಖಲಾಗುತ್ತದೆ.

ಇದರ ಹಿಂದಿನ ವಿಚಾರ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. 2001ರ ಡಿಸೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಸೇರಿದ ವಿದ್ವಾಂಸರು 2002ರ ಫೆಬ್ರವರಿಯಲ್ಲಿ ಮುಕ್ತ ಪ್ರವೇಶದ ಘೋಷಣೆಯನ್ನು ಹೊರಡಿಸಿದರು. ಸಂಶೋಧನ ಲೇಖನವನ್ನು ಯಾರು ಬೇಕಾದರೂ ಓದಬೇಕು, ಇಳಿಸಿಕೊಳ್ಳಬೇಕು, ಪ್ರತಿ ಮಾಡಬೇಕು, ಹಂಚಬೇಕು. ಲೇಖಕನ ಹೆಸರು ಉಳಿಯಬೇಕು, ಅವನ ಮಾತು ವಿಕಾರವಾಗಬಾರದು. ಘೋಷಣೆಯ ಆಶಯ ಇಷ್ಟು. ಅದರಲ್ಲಿ ಓದುವುದು ಮೊದಲ ಹೆಜ್ಜೆಯಷ್ಟೇ. ನಾವು ಅಲ್ಲಿಗೇ ನಿಂತುಬಿಟ್ಟಿದ್ದೇವೆ ಎಂಬುದು ನನ್ನ ಇವತ್ತಿನ ವಾದ.

ಪಶ್ಚಿಮ ಘಟ್ಟದ ಒಂದು ನಿದರ್ಶನ ನೋಡಿ. 2017ರಲ್ಲಿ ಕೇರಳ, ತಮಿಳುನಾಡಿನ ಕಾಡುಗಳಿಂದ ಏಳು ಹೊಸ ಇರುಳುಗಪ್ಪೆಗಳನ್ನು ವಿವರಿಸಿದ ಪ್ರಬಂಧ ಪೀರ್‌ಜೆ ಎಂಬ ಮುಕ್ತ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಏಳರಲ್ಲಿ ನಾಲ್ಕು ಪ್ರಭೇದಗಳು 18 ಮಿಲಿಮೀಟರಿಗಿಂತ ಚಿಕ್ಕವು, ಹೆಬ್ಬೆರಳಿನ ಉಗುರಿನ ಮೇಲೆ ಕೂರುವಂಥವು. ಐದು ವರ್ಷ ಕಾಡು ಸುತ್ತಿ ದೊರೆತ ಅರಿವು ಅದು. ಆ ಪ್ರಬಂಧದ ಪರವಾನಗಿ ಕೇಳುವುದು ಲೇಖಕರ ಹೆಸರು ಹೇಳುವುದನ್ನು ಮಾತ್ರ. ಆದ್ದರಿಂದ ಅದರ ಚಿತ್ರವನ್ನೂ ನಕ್ಷೆಯನ್ನೂ ಯಾರ ಅಪ್ಪಣೆಗೂ ಕಾಯದೆ ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸಬಹುದು, ಕನ್ನಡ ಲೇಖನದಲ್ಲಿ ಅಚ್ಚೊತ್ತಬಹುದು. ಕಾಡಿನ ಅಂಚಿನ ಸರ್ಕಾರಿ ಶಾಲೆಯ ಮಗು ತನ್ನ ಹಳ್ಳದ ಕಪ್ಪೆಯ ಬಂಧುಗಳನ್ನು ಮೊಬೈಲಿನಲ್ಲಿ ನೋಡುವುದು ಸಾಧ್ಯವಾಗುವುದು ಹೀಗೆ. ಅಮೆರಿಕದ ಪ್ಲಾಸ್ ಕಂಪ್ಯುಟೇಷನಲ್ ಬಯಾಲಜಿ ಪತ್ರಿಕೆ ಇನ್ನೂ ಮುಂದೆ ಹೋಗಿ, 2012ರಿಂದ ಕೆಲವು ಲೇಖನಗಳನ್ನು ವಿಕಿಪೀಡಿಯಕ್ಕೆಂದೇ ಬರೆಸುತ್ತಿದೆ. ವಿದ್ವಾಂಸರ ಪರಿಶೀಲನೆಯಾಗಿ ಪತ್ರಿಕೆಯಲ್ಲಿ ಅಚ್ಚಾದ ಪಠ್ಯವೇ ವಿಕಿಪೀಡಿಯದ ಪುಟವಾಗುತ್ತದೆ.

ನಮ್ಮಲ್ಲಿ ಶೋಧಗಂಗಾ ಇದೆ. ದೇಶದ ವಿಶ್ವವಿದ್ಯಾನಿಲಯಗಳ ಪಿಎಚ್.ಡಿ. ಮಹಾಪ್ರಬಂಧಗಳನ್ನು ಎಲ್ಲರ ಮುಂದೆ ತೆರೆದಿಟ್ಟ ದೊಡ್ಡ ಭಂಡಾರ. ಹಳ್ಳಿಯ ದೈವಗಳ ಮೇಲೆ, ಕೃಷಿಯ ಮಾತಿನ ಮೇಲೆ, ಮರೆತುಹೋದ ಪತ್ರಿಕೆಗಳ ಮೇಲೆ ಕನ್ನಡದಲ್ಲೇ ನಡೆದ ಸಂಶೋಧನೆ ಅಲ್ಲಿ ಓದಲು ಸಿಗುತ್ತದೆ. ಆದರೆ ಅದರ ಪರವಾನಗಿ ವಾಣಿಜ್ಯ ಬಳಕೆಯನ್ನು ತಡೆಯುತ್ತದೆ, ವಿಕಿಪೀಡಿಯದ ಪರವಾನಗಿ ಅಂಥ ತಡೆಯನ್ನು ಒಪ್ಪುವುದಿಲ್ಲ. ಹೀಗಾಗಿ ಆ ಪ್ರಬಂಧಗಳನ್ನು ಉಲ್ಲೇಖಿಸಬಹುದು, ಅವುಗಳ ಪಠ್ಯವನ್ನಾಗಲಿ ನಕ್ಷೆಯನ್ನಾಗಲಿ ಎತ್ತಿ ತರುವಂತಿಲ್ಲ. ಲಾಭ ಮಾಡಿಕೊಳ್ಳುವವರನ್ನು ದೂರವಿಡುವ ಸದುದ್ದೇಶದ ಷರತ್ತು ಕೊನೆಗೆ ತಡೆದದ್ದು ಪುಕ್ಕಟೆಯಾಗಿ ಜ್ಞಾನ ಹಂಚುವವರನ್ನು.

2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯ ಬಗ್ಗೆಯೂ ಒಂದು ಮಾತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ನಿಯತಕಾಲಿಕಗಳು. ಸಣ್ಣ ಊರಿನ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ಇದರಿಂದ ನಿಜವಾದ ಉಪಕಾರವಿದೆ. ಆದರೆ ಅದು ಓದುವ ಚಂದಾ. ನಿವೃತ್ತ ಮೇಷ್ಟ್ರು, ಪತ್ರಕರ್ತೆ, ರೈತ, ಸ್ವಯಂಸೇವಕ ಇವರೆಲ್ಲ ಆ ಬಾಗಿಲಿನ ಹೊರಗೇ ಇದ್ದಾರೆ. ವಿಶ್ವಕೋಶ ಕಟ್ಟುವವರಲ್ಲಿ ಬಹುಪಾಲು ಇಂಥವರೇ.

ತೆರೆದಿಟ್ಟದ್ದು ಹೆಚ್ಚು ಬಳಕೆಯಾಗುತ್ತದೆ ಎನ್ನುವುದಕ್ಕೆ ಆಧಾರವಿದೆ. ಇಂಗ್ಲಿಷ್ ವಿಕಿಪೀಡಿಯವನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಚಂದಾ ಬೇಡುವ ಪತ್ರಿಕೆಗಳಿಗೆ ಹೋಲಿಸಿದರೆ ಮುಕ್ತ ಪತ್ರಿಕೆಗಳು ಅಲ್ಲಿ ಉಲ್ಲೇಖಗೊಳ್ಳುವ ಸಂಭವ ಶೇ 47ರಷ್ಟು ಹೆಚ್ಚು. ಕನ್ನಡಕ್ಕೆ ಈ ಮಾತು ಇನ್ನೂ ತೀಕ್ಷ್ಣವಾಗಿ ಅನ್ವಯಿಸುತ್ತದೆ. ವಿಕಿಪೀಡಿಯದಲ್ಲಿ ಪ್ರತಿ ಮಾತಿಗೂ ಪ್ರಕಟಿತ ಆಧಾರ ಕೊಡಬೇಕು. ನಮ್ಮ ವಿಭಾಗಗಳ ಪತ್ರಿಕೆಗಳು ಕೈಗೆ ಸಿಗದಿದ್ದರೆ, ಕನ್ನಡ ಕವಿಯ ಬಗೆಗಿನ ಲೇಖನಕ್ಕೂ ಇಂಗ್ಲಿಷ್ ದಿನಪತ್ರಿಕೆಯ ಸುದ್ದಿಯೇ ಆಧಾರವಾಗುತ್ತದೆ.

ಕದಿಯುತ್ತಾರೆ ಎಂಬ ಅಳುಕು ಹಲವರಲ್ಲಿದೆ. ಕೃತಿಚೌರ್ಯ ನಡೆಯುವುದು ಮುಚ್ಚಿಟ್ಟ ಬರಹಗಳಲ್ಲೇ ಸುಲಭ, ಏಕೆಂದರೆ ಮೂಲ ಯಾರಿಗೂ ಕಾಣದು. ಮುಕ್ತ ಪರವಾನಗಿ ಲೇಖಕರ ಹಕ್ಕುಸ್ವಾಮ್ಯವನ್ನು ಕಿತ್ತುಕೊಳ್ಳುವುದಿಲ್ಲ. ಹೆಸರು ಹೇಳದೆ ಬಳಸಿದವರು ಪರವಾನಗಿಯನ್ನೇ ಮುರಿದಂತಾಗುತ್ತದೆ. ವಿಕಿಪೀಡಿಯದಲ್ಲಿ ತಪ್ಪುಗಳಿವೆ ಎಂಬ ಆಕ್ಷೇಪವೂ ನಿಜವೇ. ಆದರೆ ಅದನ್ನು ತಿದ್ದಬಲ್ಲ ವಿದ್ವಾಂಸರು ದೂರ ನಿಂತರೆ ಆ ತಪ್ಪಿನಲ್ಲಿ ನಮ್ಮ ಪಾಲೂ ಇರುತ್ತದೆ.

ಇನ್ನೊಂದು ತೊಡಕು ಅಚ್ಚುಮನೆಯದು. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಡಿಟಿಪಿ ಮಾಡಿಸಿ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದ ಪಿಡಿಎಫ್ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಹುಡುಕು ಯಂತ್ರಕ್ಕೆ ಕನ್ನಡವಲ್ಲ. ಪಠ್ಯವನ್ನು ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಬರುತ್ತದೆ. ಯುನಿಕೋಡ್‌ನಲ್ಲಿ ಇರದ ಪಠ್ಯವನ್ನು ಯಾವ ಪರವಾನಗಿಯೂ ಪೂರ್ತಿ ಬಿಡುಗಡೆ ಮಾಡಲಾರದು.

ಇವತ್ತಿನ ಈ ಉಪನ್ಯಾಸದಂಥ ದತ್ತಿ ಉಪನ್ಯಾಸಗಳ ಪುಸ್ತಿಕೆಗಳನ್ನೇ ನೋಡಿ. ಕೆಲವು ನೂರು ಪ್ರತಿಗಳು ಅಚ್ಚಾಗುತ್ತವೆ, ಸಭೆಗೆ ಬಂದವರಿಗೆ ಹಂಚಿ ಉಳಿದವು ಉಗ್ರಾಣ ಸೇರುತ್ತವೆ. ಒಂದು ವಿಷಯದ ಮೇಲೆ ಜೀವಮಾನ ದುಡಿದವರ ಕೊನೆಯ ಮಾತು ಹಲವು ಸಲ ಇಂಥ ಪುಸ್ತಿಕೆಯಲ್ಲೇ ಇರುತ್ತದೆ. ದತ್ತಿ ಇಟ್ಟವರ ಉದ್ದೇಶ ವಿದ್ಯೆ ಹರಡಲಿ ಎಂಬುದೇ ಆಗಿದ್ದಾಗ, ಅದಕ್ಕೆ ಬೀಗ ಹಾಕುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಆದ್ದರಿಂದ ವಿಭಾಗದ ಮುಖ್ಯಸ್ಥರಲ್ಲಿ ನನ್ನ ವಿನಂತಿ: ಈ ಉಪನ್ಯಾಸದ ಪುಸ್ತಿಕೆಯ ಹಕ್ಕುಪುಟದಲ್ಲಿ ಕನ್ನಡ ವಿಶ್ವಕೋಶಕ್ಕೆ ದೊರೆತ ಪರವಾನಗಿಯನ್ನೇ ಅಚ್ಚು ಮಾಡಿಸಿ, ಯುನಿಕೋಡ್ ಪಠ್ಯವನ್ನು ಜಾಲತಾಣದಲ್ಲಿ ಇರಿಸಿ. ಲೇಖಕನಾಗಿ ನನ್ನ ಒಪ್ಪಿಗೆಯನ್ನು ಲಿಖಿತವಾಗಿ ಕೊಡುತ್ತೇನೆ. ಹಿಂದಿನ ಉಪನ್ಯಾಸಕರಿಗೂ, ತೀರಿಕೊಂಡವರ ಮನೆಯವರಿಗೂ ಪತ್ರ ಬರೆದು ಅವರ ಒಪ್ಪಿಗೆಯನ್ನು ಕೇಳಿರಿ.